ಗೋಲ್‌ಕೀಪರನ ಮಣಿಕಟ್ಟು

2024 ಮಾರ್ಚ್ 9, ಶನಿವಾರ, ಬೆಳಿಗ್ಗೆ 7 ಗಂಟೆ 40 ನಿಮಿಷ. ಪಾಲೋ ಆಲ್ಟೋದ ಮನೆಯಲ್ಲಿ ರೇಡಿಯಾಲಜಿಸ್ಟ್ ಜಲಜಾ, ಮಲಾವಿಯ ಹದಿನೇಳು ವರ್ಷದೊಳಗಿನವರ ರಾಷ್ಟ್ರೀಯ ಫುಟ್‌ಬಾಲ್ ತಂಡದ ಗೋಲ್‌ಕೀಪರನ ವಯಸ್ಸಿನ ಪರೀಕ್ಷೆಗೆಂದು ತನಗೆ ಕಳಿಸಿದ್ದ ಮಣಿಕಟ್ಟಿನ ಎಂಆರ್‌ಐ ತೆರೆದಳು. ಮೂಳೆಯ ತುದಿ ಪೂರ್ತಿ ಬೆಸೆದುಕೊಂಡಿದ್ದರೆ ವಯಸ್ಸು ಮೀರಿದೆಯೆಂದು ಹುಡುಗನನ್ನು ತಂಡದಿಂದ ಕೈಬಿಡುತ್ತಾರೆ.

ಗಂಡ ಮಧ್ವೇಶ ಕಾಫಿ ಲೋಟ ಹಿಡಿದು ಸ್ಕ್ರೀನಿನತ್ತ ಇಣುಕಿದ.

"ಹುಟ್ಟಿದ್ದು ಜನವರಿ ಒಂದಂತೆ. ಸುಳ್ಳು ಡೇಟು, ಡೌಟೇ ಬೇಡ."

"ನಿಮ್ಮದು ಜೂನ್ ಒಂದಲ್ವೇನ್ರೀ?"

"ಅದು ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಬರ್ಕೊಂಡಿದ್ದು."

"ಅವನಿಗೂ ಒಬ್ಬರು ಮೇಷ್ಟ್ರು ಇದ್ದಿರ್ತಾರೆ ಬಿಡಿ."

ನಿಜಕ್ಕೂ ನವೆಂಬರಿನಲ್ಲಿ ಹುಟ್ಟಿದ್ದ ಮಧ್ವೇಶ ಕಾಫಿ ಕುಡಿದ. ಜಲಜಾ ಚಿತ್ರವನ್ನು ಹಿಗ್ಗಿಸಿ, ಎರಡು ಸಲ ಅಳೆದು, ವರದಿ ಬರೆದಳು. ಮೂಳೆ ಇನ್ನೂ ಬೆಸೆದಿಲ್ಲ, ಹುಡುಗ ಆಡಬಹುದು. ಮೂಳೆಗೂ ಅದರ ತುದಿಗೂ ನಡುವಿನ ಅಂತರ 1.4 ಮಿಲಿಮೀಟರ್.