ಎರಡು ಒಲೆಗಳ ನಡುವಿನ ಬೇಸಿನ್ನು

ನಾನು ಒಂದು ಬೇಸಿನ್ನು. ನೀಲಿ ಬಣ್ಣದ, ಅಗಲ ಬಾಯಿಯ ಪ್ಲಾಸ್ಟಿಕ್ ಬೇಸಿನ್ನು. ಯಾವುದೋ ಕಾರ್ಖಾನೆಯ ಬಿಸಿ ಅಚ್ಚಿನಲ್ಲಿ ಹುಟ್ಟಿದೆ. ಕಣ್ಣು ಬಿಟ್ಟಾಗ ನನ್ನಂಥವರೇ ಒಬ್ಬರ ಮೇಲೊಬ್ಬರು ಕೂತಿದ್ದರು, ನಾನು ಎಲ್ಲರಿಗಿಂತ ಅಡಿಯಲ್ಲಿದ್ದೆ. ನನ್ನ ಹೊಟ್ಟೆಕಿಚ್ಚು ಅಲ್ಲಿಂದಲೇ ಶುರುವಾಗಿರಬೇಕು. ಮುಚ್ಚಿಡುವುದೇನು, ನನ್ನ ಸ್ವಭಾವವೇ ಅಂಥದ್ದು.

ತಿಪಟೂರಿನ ಪಾತ್ರೆ ಅಂಗಡಿಯಲ್ಲಿ ಹಿತ್ತಾಳೆ ಕೊಳಗಗಳಿಗೆ ಒಳಗೆ ಗಾಜಿನ ಬೀರು, ನನಗೆ ಬಾಗಿಲಾಚೆ ಬಿಸಿಲು. ಅಲ್ಲಿಂದ ಸರ್ವಮಂಗಳಮ್ಮ ಚೌಕಾಸಿ ಮಾಡಿ ನನ್ನನ್ನು ಮನೆಗೆ ತಂದರು. ಅವರ ಮಗಳಿಗೆ ಆಗಿನ್ನೂ ಹಲ್ಲು ಬಂದಿರಲಿಲ್ಲ. ಅವಳನ್ನು ನನ್ನೊಳಗೆ ಕೂರಿಸಿ ನೀರು ಹಾಕುತ್ತಿದ್ದರು. ಕೆಲವು ವರ್ಷಕ್ಕೆ ಅವರ ಮೈದುನನ ಹೆಂಡತಿಯಾಗಿ ಪ್ರಮೀಳ ಬಂದಳು. ಅವಳ ಮಗನಿಗೂ ನನ್ನಲ್ಲೇ ಸ್ನಾನ. ಮಕ್ಕಳು ಬೆಳೆದು ಶವರ್ ಕೆಳಗೆ ನಿಂತ ದಿನ ಆ ಶವರಿನ ಮೇಲೆ ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಅದೇನು ಮಗುವಿನ ಕಂಕುಳ ಬಿಸಿ ಕಂಡಿದೆಯೇ?

ಆಮೇಲೆ ಅಣ್ಣತಮ್ಮಂದಿರು ಬೇರೆಯಾದರು. ಮನೆ ಒಂದೇ, ಒಲೆ ಎರಡು. ಹಿತ್ತಲು ಮತ್ತು ನಲ್ಲಿಕಟ್ಟೆ ಇಬ್ಬರಿಗೂ ಸೇರಿದ್ದು. ಅಷ್ಟು ಹೊತ್ತಿಗೆ ನನ್ನ ಅಂಚು ಸೀಳಿತ್ತು, ನಾನು ನಲ್ಲಿಕಟ್ಟೆಯ ಪಕ್ಕ ಉಳಿದೆ. ಓರಗಿತ್ತಿಯರು ಒಬ್ಬರ ಜೊತೆ ಒಬ್ಬರು ಮಾತು ಬಿಟ್ಟರು. ಬಿಟ್ಟರು ಅಂದರೆ, ನೇರವಾಗಿ ಬಿಟ್ಟರು. ಹೇಳಬೇಕಾದ್ದನ್ನು ಗೋಡೆಗೆ ಹೇಳುತ್ತಿದ್ದರು. "ಕೆಲವರಿಗೆ ನಲ್ಲಿ ತಿರುವೋಕೂ ಕೈ ನೋಯ್ತೈತೆ" ಎಂದು ಸರ್ವಮಂಗಳಮ್ಮ ತುಳಸಿಕಟ್ಟೆಗೆ ಹೇಳಿದರೆ, "ಕೆಲವರಿಗೆ ಬಾಯಿ ಮಾತ್ರ ನೋಯಲ್ಲ" ಎಂದು ಪ್ರಮೀಳ ಬಟ್ಟೆ ಒಗೆಯುವ ಕಲ್ಲಿಗೆ ಹೇಳುತ್ತಿದ್ದಳು. ಕಲ್ಲಿಗೂ ಮಾತು ಸಿಗುತ್ತಿತ್ತು. ನನಗೆ ಯಾರೂ ಏನೂ ಹೇಳುತ್ತಿರಲಿಲ್ಲ.

ಹೀಗಿರುವಾಗ ಅಟ್ಟದಲ್ಲಿ ಇಲಿ ಹೆಚ್ಚಾಗಿ, ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವ ರೈಟರ್ ಮನೆಯಿಂದ ಬೂದು ಬಣ್ಣದ ಬೆಕ್ಕಿನ ಮರಿಯೊಂದು ಬಂತು. ಅದರ ಜೊತೆ ಅಲ್ಲಿ ಅದು ತಿನ್ನುತ್ತಿದ್ದ, ಬೆಕ್ಕಿಗೆಂದೇ ಅಂಗಡಿಯಲ್ಲಿ ಸಿಗುವ ಒಣ ಕಾಳಿನ ಪೊಟ್ಟಣವೂ ಬಂತು. ಮರಿ ಹಿತ್ತಲಿನದು, ಅಂದರೆ ಇಬ್ಬರದೂ. ಸರ್ವಮಂಗಳಮ್ಮ ಅದನ್ನು ಗೌರಿ ಎಂದರು, ಪ್ರಮೀಳ ಪಿಂಕಿ ಎಂದಳು. ನನ್ನೊಳಗೆ ಮರಳು, ತೆಂಗಿನ ನಾರಿನ ಪುಡಿ ತುಂಬಿ ಮೂಲೆಗಿಟ್ಟರು. ಯಾಕೆ ಅಂತ ಆ ಸಂಜೆ ಮರಿ ನನ್ನೊಳಗೆ ಬಾಲ ಎತ್ತಿ ಕೂತಾಗಲೇ ಗೊತ್ತಾಯಿತು.

ಬೇಜಾರಾಯಿತು, ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ ಉರಿದದ್ದು ಬಟ್ಟಲುಗಳನ್ನು ಕಂಡು. ಕಾಳಿನ ಪೊಟ್ಟಣವನ್ನು ನೋಡಿ "ಅಯ್ಯೋ, ಗೋಲಿ ಇದ್ದಂಗೈತೆ, ಕೂಸು ಇದನ್ನ ತಿಂತದಾ?" ಎಂದು ಸರ್ವಮಂಗಳಮ್ಮ ಅಟ್ಟಕ್ಕೆಸೆದು, ಸ್ಟೀಲ್ ಬಟ್ಟಲಲ್ಲಿ ಗಟ್ಟಿ ಹಸುವಿನ ಹಾಲು ಇಟ್ಟರು. ಅವರು ಒಳಗೆ ಹೋದದ್ದೇ ತಡ, ಪ್ರಮೀಳ ಪಿಂಗಾಣಿ ತಟ್ಟೆಯಲ್ಲಿ ಮೊಸರನ್ನ ಇಟ್ಟಳು. ಮಾರನೆಯ ದಿನ ಹಾಲಿಗೆ ಬೆಣ್ಣೆ ಬಿಸ್ಕತ್ತು ಸೇರಿತು, ಮೊಸರನ್ನಕ್ಕೆ ತುಪ್ಪ ಬಿತ್ತು. ಇಬ್ಬರಿಗೂ ಬೇಕಾದದ್ದು ಒಂದೇ, ರಾತ್ರಿ ಮರಿ ತಮ್ಮ ತಮ್ಮ ಕೋಣೆಯಲ್ಲೇ ಮಲಗಬೇಕು. ಸ್ಟೀಲ್ ಬಟ್ಟಲು ನೆಕ್ಕಿಸಿಕೊಂಡು ಹೊಳೆಯುತ್ತಿತ್ತು, ಪಿಂಗಾಣಿ ತಟ್ಟೆಗೆ ಮರಿ ಕೆನ್ನೆ ಉಜ್ಜುತ್ತಿತ್ತು. ಇಬ್ಬರ ಪ್ರೀತಿಯೂ ಕೊನೆಗೆ ಬಂದು ಬೀಳುತ್ತಿದ್ದದ್ದು ನನ್ನಲ್ಲಿ. ಮೊದಲು ಮೆತ್ತಗೆ, ಆಮೇಲೆ ತೆಳ್ಳಗೆ, ಆಮೇಲೆ ನೀರು.

"ಯಾರೋ ಏನೋ ಹಾಕಿ ಕೆಡಿಸ್ತಾವ್ರೆ" ಎಂದು ಇಬ್ಬರೂ ಗೋಡೆಗೆ ಹೇಳಿಕೊಂಡರು. ನನಗೆ ಎಲ್ಲ ಗೊತ್ತಿತ್ತು. ಆದರೆ ಬಾಯಿ ಎಷ್ಟು ಅಗಲವಿದ್ದು ಏನು ಪ್ರಯೋಜನ?

ಒಂದು ಬೆಳಿಗ್ಗೆ ಮರಿ ನನ್ನ ಹತ್ತಿರ ಬಂದು ಅಂಚು ಹತ್ತಲಾರದೆ ಅಲ್ಲೇ ಕುಸಿಯಿತು. ಅದರ ಹಿಂಗಾಲು ಒದ್ದೆಯಾಗಿತ್ತು, ಕಣ್ಣು ಗುಳಿಬಿದ್ದಿತ್ತು. ಆಗ ನನ್ನ ಹೊಟ್ಟೆಕಿಚ್ಚೆಲ್ಲ ಭಯವಾಯಿತು. ಗಂಡಸರು ಮಂಡಿಗೆ ಹೋಗಿದ್ದರು. ಪ್ರಮೀಳ ಪಶು ಆಸ್ಪತ್ರೆಗೆ ಫೋನ್ ಮಾಡಿದಳು. ಡಾಕ್ಟರು ಕೂಡಲೇ ಬನ್ನಿ, ಭೇದಿಯನ್ನೂ ಸ್ವಲ್ಪ ತನ್ನಿ ಎಂದರಂತೆ, ಹಾಗೆಂದು ಗೋಡೆಗೆ ಹೇಳಿದಳು. ಅವಳು ಮರಿಯನ್ನು ಶಾಲಿನಲ್ಲಿ ಸುತ್ತಿ ಆಟೋ ಹತ್ತಿದಳು. ಅಷ್ಟರಲ್ಲಿ ಸರ್ವಮಂಗಳಮ್ಮ ನನ್ನನ್ನೇ ಎತ್ತಿಕೊಂಡು ಓಡಿಬಂದು ಇನ್ನೊಂದು ಕಡೆಯಿಂದ ಹತ್ತಿದರು. ಎಷ್ಟು ಒಯ್ಯಬೇಕು ಅಂತ ಓರಗಿತ್ತಿಯನ್ನು ಕೇಳುವಂತಿಲ್ಲವಲ್ಲ, ಅದಕ್ಕೇ ಪೂರ್ತಿ ಬೇಸಿನ್ನು! ಇಬ್ಬರ ಮಧ್ಯೆ ನಾನು ಕೂತೆ. ಆಟೋದವನು ದಾರಿಯುದ್ದಕ್ಕೂ ತಲೆ ಹೊರಗೆ ಹಾಕಿಯೇ ಓಡಿಸಿದ. ಬಟ್ಟಲುಗಳು ಮನೆಯಲ್ಲಿದ್ದವು, ಸವಾರಿ ನನ್ನದು.

"ಒಂದು ಚಮಚ ಸಾಕಿತ್ತಲ್ಲಮ್ಮಾ" ಎಂದು ಡಾಕ್ಟರಮ್ಮ ನಕ್ಕರು. ಆದರೂ ನನ್ನ ಮೇಲೆ ಬಗ್ಗಿ ಗಮನವಿಟ್ಟು ನೋಡಿದರು. ನನ್ನ ಜನ್ಮದಲ್ಲಿ ಯಾರೂ ಹಾಗೆ ನೋಡಿರಲಿಲ್ಲ. "ಏನು ಹಾಕ್ತೀರಿ ಇದಕ್ಕೆ?"

"ಒಂದಿಷ್ಟು ಹಾಲು ಅಷ್ಟೇಯ" ಎಂದರು ಸರ್ವಮಂಗಳಮ್ಮ.

"ಬೆಣ್ಣೆ ಬಿಸ್ಕತ್ತು ಯಾರು ಹಾಕಿದ್ದು ಅಂತ ಕೇಳಿ ಡಾಕ್ಟ್ರೇ" ಎಂದಳು ಪ್ರಮೀಳ.

"ತುಪ್ಪ ಯಾರು ಸುರಿದಿದ್ದು ಅಂತ ಅವಳನ್ನ ಕೇಳಿ!"

ಡಾಕ್ಟರಮ್ಮನ ನಗು ನಿಂತಿತು. "ಇಬ್ಬರೂ ಸೇರಿ ಇದನ್ನ ಕೊಲ್ತಿದ್ದೀರಿ. ಹಸುವಿನ ಹಾಲು ಮರಿಗೆ ಅರಗಲ್ಲ. ಹೊಸ ಮನೆಗೆ ಬಂದ ಗಾಬರಿಗೇ ಹೊಟ್ಟೆ ಸಡಿಲ ಆಗಿರುತ್ತೆ, ಅದರ ಮೇಲೆ ದಿನಕ್ಕೊಂದು ಊಟ. ಹಿಂದಿನ ಮನೇಲಿ ತಿಂತಿದ್ದ ಕಾಳನ್ನೇ ನೆನೆಸಿ ಸ್ವಲ್ಪ ಸ್ವಲ್ಪ ಕೊಡಿ. ಬದಲಾಯಿಸೋದಾದ್ರೆ ಹುಷಾರಾದ ಮೇಲೆ, ನಿಧಾನಕ್ಕೆ. ಕುಡಿಯೋಕೆ ನೀರು ಸದಾ ಇರಲಿ." ಮರಿಗೆ ಸೂಜಿ ಚುಚ್ಚಿ ಚರ್ಮದಡಿ ಸಲೈನ್ ನೀರು ಕೊಟ್ಟರು, ಜಂತುಹುಳುವಿಗೆ ಔಷಧ ಬರೆದರು. "ಇನ್ನು ಮೇಲೆ ಒಬ್ಬರೇ ಹಾಕಬೇಕು. ಯಾರು?"

ಮರಿ ಪ್ರಮೀಳಳ ಶಾಲಿನೊಳಗೆ ಮುಖ ಹುದುಗಿಸಿತು. ಅದನ್ನು ಸರ್ವಮಂಗಳಮ್ಮ ನೋಡಿದರು. ಆ ನೋಟ ನನಗೆ ಚೆನ್ನಾಗಿ ಗೊತ್ತು, ಅದು ನನ್ನದೇ ನೋಟ. ಅವರ ಕಣ್ಣಲ್ಲಿ ನೀರಾಡಿತು.

"ಅವಳೇ ಹಾಕ್ಲಿ ಡಾಕ್ಟ್ರೇ. ಅದು ಅವಳನ್ನೇ ಹಚ್ಕೊಂಡೈತೆ" ಎಂದರು. ಆಮೇಲೆ ನನ್ನ ಸೀಳಿದ ಅಂಚು ಹಿಡಿದು, "ಇದನ್ನ ನಾನು ನೋಡ್ಕೋತೀನಿ."

ಬಟ್ಟಲನ್ನು ಬಿಟ್ಟು ನನ್ನನ್ನು ಆರಿಸಿಕೊಂಡರು! ಗತಿಯಿಲ್ಲದೆ ಆರಿಸಿಕೊಂಡದ್ದು, ಒಪ್ಪುತ್ತೇನೆ. ಆದರೂ ಸ್ಟೀಲ್ ಬಟ್ಟಲಿಗೆ ಆ ಮಾತು ಕೇಳಿಸಬೇಕಿತ್ತು ಅನ್ನಿಸಿತು.

ಅಂದಿನಿಂದ ಪೊಟ್ಟಣ ಅಟ್ಟದಿಂದ ಇಳಿಯಿತು. ಪ್ರಮೀಳ ನೆನೆಸಿದ ಕಾಳು ಇಡುವಳು, ಸರ್ವಮಂಗಳಮ್ಮ ನನ್ನ ಬಳಿ ಕುಕ್ಕರಗಾಲಲ್ಲಿ ಕೂತು ಕಾಯುವರು. ಅಡುಗೆಮನೆಯಿಂದ ಪ್ರಮೀಳ ಮರಿಯನ್ನು ಮುದ್ದಿಸುವ ಸದ್ದು ಬಂದಾಗ ನನ್ನ ಮರಳನ್ನು ಜೋರಾಗಿ ಕೆದಕುತ್ತಿದ್ದರು. ಆದರೂ ಕದ್ದು ಒಂದು ತೊಟ್ಟು ಹಾಲೂ ಹಾಕಲಿಲ್ಲ. ನೀರು ಹೋಗಿ ತೆಳ್ಳಗಾಯಿತು. ತೆಳ್ಳಗಿದ್ದದ್ದು ಮೆತ್ತಗಾಯಿತು.

ಆಮೇಲೊಂದು ಬೆಳಿಗ್ಗೆ ಮರಿ ಚಂಗನೆ ಹಾರಿ ನನ್ನೊಳಗೆ ಬಂತು, ಕೂತಿತು, ಮರಳು ಮುಚ್ಚಿ ಹೋಯಿತು. ಸರ್ವಮಂಗಳಮ್ಮ ಕಡ್ಡಿಯಿಂದ ಕೆದಕಿ ನೋಡಿ ಎದ್ದು ನಿಂತರು. ಗೋಡೆಗೆ ಹೇಳಲಿಲ್ಲ, ತುಳಸಿಕಟ್ಟೆಗೂ ಹೇಳಲಿಲ್ಲ.

"ಪ್ರಮೀಳಾ! ಬಾರೇ ಇಲ್ಲಿ! ಗಟ್ಟಿಯಾಗೈತೆ ಕಣೇ!"

ಪ್ರಮೀಳ ರಾಗಿ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಇಬ್ಬರೂ ನನ್ನ ಮೇಲೆ ಬಗ್ಗಿದಾಗ ಹಣೆಗೆ ಹಣೆ ತಗುಲಿತು. "ಹೂಂ ಕಣಕ್ಕಾ, ಗಟ್ಟಿಯಾಗೈತೆ!" ಎಂದಳು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮಕ್ಕಳು ಮೊದಲ ಹೆಜ್ಜೆ ಇಟ್ಟಾಗಲೂ ಈ ಮನೆಯಲ್ಲಿ ಅಂಥ ನಗು ಕೇಳಿರಲಿಲ್ಲ.

ಈಗ ನಾನು ಮುದುಕ, ಮೆಟ್ಟಿಲ ಕೆಳಗಿದ್ದೇನೆ. ಮರಿ ದೊಡ್ಡ ಬೆಕ್ಕಾಗಿದೆ. ಪಕ್ಕದ ಸೈಟಿನಲ್ಲಿ ಮನೆ ಕಟ್ಟಲು ಮರಳು ಸುರಿದಿದ್ದಾರೆ, ಅದು ಅಲ್ಲಿಗೇ ಹೋಗುತ್ತದೆ. ಹೋಗುವಾಗ ನನ್ನ ಮುಂದೆಯೇ ಬಾಲ ಎತ್ತಿಕೊಂಡು ಹೋಗುತ್ತದೆ, ತಿರುಗಿಯೂ ನೋಡುವುದಿಲ್ಲ. ಆ ಮರಳಿನ ಗುಡ್ಡೆಯನ್ನು ಕಂಡರೆ ನನಗೆ ಈಗಲೂ ಉರಿಯುತ್ತದೆ. ಆದರೂ ಬೆಕ್ಕು ಅಲ್ಲಿಂದ ಬರುವವರೆಗೆ ನಾನು ದಿನಾ ಉಸಿರು ಹಿಡಿದು ಕಾಯುತ್ತೇನೆ. ಎಲ್ಲಿಗಾದರೂ ಹೋಗಲಿ, ಗಟ್ಟಿಯಾಗಿ ಹೋದರೆ ಸಾಕು.