ಹಿಮದಾರಿಯ ಮೂವತ್ತೆರಡು ಗಿಡ

ಉತ್ತರದ ಹಿಮನಾಡಿನ ನಮ್ಮ ಹಳ್ಳಿ ಕುಮಾಖ್‌ತಾಖ್‌ನ ಶಾಲೆಯಲ್ಲಿ ನಾನು ಚರಿತ್ರೆ ಮತ್ತು ಭೂಗೋಳ ಕಲಿಸುತ್ತೇನೆ. ನಮ್ಮೂರಿನ ಮಟ್ಟಿಗೆ ಎರಡೂ ಒಂದೇ ಪಾಠ. ಹಳೆಯ ಊರು ನದಿಯಾಚೆ ತಗ್ಗು ದಂಡೆಯಲ್ಲಿತ್ತು. ಅಜ್ಜನ ಕಾಲದಲ್ಲಿ ಒಂದು ಮೇ ತಿಂಗಳು ಒಡೆದ ಮಂಜುಗಡ್ಡೆ ತಿರುವಿನಲ್ಲಿ ಸಿಕ್ಕಿಕೊಂಡು, ನೀರು ಹಿಂದಕ್ಕೇರಿ, ಒಂದೇ ಬೆಳಿಗ್ಗೆ ನಲವತ್ತು ಮನೆ ಹೋದವು. ಉಳಿದವರು ಈಚೆಯ ಎತ್ತರದ ದಂಡೆಗೆ ಬಂದರು. ಹುಲ್ಲುಗಾವಲು ಅಲ್ಲೇ ಉಳಿಯಿತು. ಹಾಗಾಗಿ ಚಳಿಗಾಲವಿಡೀ ಹುಲ್ಲು ತರಲು ಹೆಪ್ಪುಗಟ್ಟಿದ ನದಿ ದಾಟುತ್ತೇವೆ. ನದಿಯನ್ನು ಹೆಸರು ಹಿಡಿದು ಕರೆಯುವುದಿಲ್ಲ, ಅಜ್ಜಿ ಅನ್ನುತ್ತೇವೆ. ಪ್ರೀತಿಯಿಂದಲ್ಲ, ಹೆದರಿಕೆಯಿಂದ.

ನದಿಯ ಮೇಲಿನ ದಾರಿ ಕಾಯುವುದು ನಮ್ಮ ಮನೆಯ ಕೆಲಸ. ನವೆಂಬರಿನಲ್ಲಿ ಅಪ್ಪ ಮಂಜುಗಡ್ಡೆಗೆ ತೂತು ಕೊರೆದು, ನಲವತ್ತು ಹೆಜ್ಜೆಗೊಂದರಂತೆ ಕಾಡಿನಿಂದ ಕಡಿದು ತಂದ ಮೂವತ್ತೆರಡು ಲಾರ್ಚ್ ಗಿಡ ನಿಲ್ಲಿಸುತ್ತಾರೆ. ದಾರಿ ನೇರವಾಗಿಲ್ಲ. ಹರಾ-ಊ ಎಂಬ ಉಪನದಿ ಬಂದು ಸೇರುವ ಕಡೆ ಅದರ ನೀರು ನಡುನದಿಯವರೆಗೂ ಮಂಜುಗಡ್ಡೆಯನ್ನು ಕೆಳಗಿನಿಂದ ತಿನ್ನುತ್ತದೆ. ಮೇಲೆ ನಿಂತವರಿಗೆ ಏನೂ ಕಾಣುವುದಿಲ್ಲ. ಗಿಡಗಳ ಸಾಲು ಆ ಜಾಗವನ್ನು ಮೇಲಿನಿಂದ, ಅಂದರೆ ನದಿ ಹರಿದು ಬರುವ ದಿಕ್ಕಿನಿಂದ, ಬಳಸಿ ಹೋಗುತ್ತದೆ. ವಸಂತದಲ್ಲಿ ಕೊನೆಯವನು ದಾಟಿ ಬಂದ ಮೇಲೆ ಅಷ್ಟೂ ಗಿಡ ಕೀಳಬೇಕು. ಗಿಡ ನಿಂತಿದ್ದರೆ ದಾರಿ ಇದೆ ಎಂದು ಅರ್ಥ. ಕಚೇರಿಯವರು ಅಂಟಿಸುವ ನೋಟಿಸನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೊನೆಯವನು ಯಾರೆಂದು ತಿಳಿಯುವುದು ನಮ್ಮ ಮುಂಬಾಗಿಲ ಗೋಡೆಯ ಮೊಳೆಗಳಿಂದ. ಆಚೆ ಹೋಗುವವರು ಒಂದು ಒಂಟಿ ಕೈಗವಸನ್ನು ಮೊಳೆಗೆ ಸಿಕ್ಕಿಸಿ ಹೋಗುತ್ತಾರೆ, ಬಂದಾಗ ತೆಗೆದುಕೊಳ್ಳುತ್ತಾರೆ.

ಆ ವರ್ಷ ಅಪ್ಪನಿಗೆ ಮಂಡಿ ನೋವು. ಗಿಡ ಕೀಳುವುದು ನನ್ನ ಪಾಲಿಗೆ ಬಂತು. ಮೇ ಆರರ ಬೆಳಿಗ್ಗೆ ಎದ್ದು ನೋಡಿದರೆ ಮೊಳೆಗಳೆಲ್ಲ ಖಾಲಿ. ಎರಡು ಸಲ ನೋಡಿದ್ಯಾ ಎಂದು ಅಪ್ಪ ಮಲಗಿದ್ದಲ್ಲಿಂದಲೇ ಕೇಳಿದರು. ನೋಡಿದೆ ಅಂದೆ. ಆಚೆ ದಂಡೆಯವರೆಗೆ ನಡೆದು, ಅಲ್ಲಿಂದ ಒಂದೊಂದೇ ಕೀಳುತ್ತ ಬಂದೆ. ಬುಡದಲ್ಲಿ ಕರಗಿದ್ದರಿಂದ ಸುಲಭವಾಗಿ ಬಂದವು. ಕೊನೆಯ ಗಿಡವನ್ನು ದಂಡೆಗೆ ಎಳೆದು ಹಾಕುವಾಗ ಮಧ್ಯಾಹ್ನ ಎರಡು ಗಂಟೆ. ಒದ್ದೆ ಹಿಮ ಬೀಳಲು ಶುರುವಾಗಿತ್ತು.

ಒಳಗೆ ಅಮ್ಮ ಒಲೆಯ ಪಕ್ಕ ಕೂತು ಕೈಗವಸಿನ ಹೆಬ್ಬೆರಳು ಹೊಲಿಯುತ್ತಿದ್ದಳು. ನಾಯಿಚರ್ಮದ ಅಂಚಿನ ಕೈಗವಸು. ನನ್ನ ಅಣ್ಣ ಮಿಚಿಲ್‌ನದು. ಅವನು ಊರಿನ ಆ ತುದಿಯಲ್ಲಿ ಕುದುರೆಗಳ ಜೊತೆ ಒಬ್ಬನೇ ಇರುತ್ತಾನೆ.

"ಅದು ಎಲ್ಲಿತ್ತಮ್ಮ?"

"ಮೊಳೇಲಿ. ಇನ್ನೊಂದು ಹೇರು ಹುಲ್ಲಿದೆ ಅಂತ ಮುಂಜಾನೆನೇ ಹೋದ. ಹರಿದಿದ್ದು ನೇತಾಡ್ತಿತ್ತು, ಹೊಲಿಯೋಣ ಅಂತ ನೀನು ಏಳೋ ಮುಂಚೆನೇ ತೆಗೆದುಕೊಂಡೆ. ಮೂವತ್ತನಾಲ್ಕಾದ್ರೂ ಹೆಂಡ್ತಿ ಇಲ್ಲ, ತಾಯಿಗೂ ಸೂಜಿ ಹಿಡಿಯೋಕೆ ಬರಲ್ವಾ ಅಂತ ಜನ ಆಡ್ಕೊಳ್ಳಲ್ವಾ?"

ನನ್ನ ಬಟ್ಟೆಗೆ ಅಂಟಿದ್ದ ಲಾರ್ಚ್ ತೊಗಟೆಯನ್ನು ನೋಡಿ ಅವಳ ಕೈ ನಿಂತಿತು. ಅಪ್ಪ ಗೋಡೆ ಹಿಡಿದು ಎದ್ದರು.

ಅಣ್ಣನಿಗೆ ಫೋನ್ ಮಾಡುವಂತಿರಲಿಲ್ಲ, ಆಚೆ ದಂಡೆಗೆ ಸಿಗ್ನಲ್ ಇಲ್ಲ. ಗಿಡ ಕಾಣದಿದ್ದರೆ ಅವನು ಏನು ಮಾಡುತ್ತಾನೆಂದು ಮೂವರಿಗೂ ಗೊತ್ತಿತ್ತು. ಹಿಮ ಬೀಳುವಾಗ ಕುದುರೆ ಮನೆಯ ಕಡೆ ನೇರ ನಡೆಯುತ್ತದೆ. ನೇರ ಅಂದರೆ ಹರಾ-ಊ.

ಕೈಯಲ್ಲಿ ಎಳೆಯುವ ಜಾರುಬಂಡಿಗೆ ಗಿಡಗಳನ್ನು ಕಟ್ಟಿಕೊಂಡು ಇಳಿದೆ. ಹನ್ನೊಂದನೇ ಗಿಡದವರೆಗೆ ನೇರ, ಹನ್ನೆರಡರಿಂದ ಮೇಲಕ್ಕೆ ತಿರುಗು ಎಂದು ಅಪ್ಪ ದಂಡೆಯಿಂದ ಹೇಳಿದರು. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಅವರು ಕಾಣಲಿಲ್ಲ. ಮೇಲೂ ಬಿಳಿ, ಕೆಳಗೂ ಬಿಳಿ. ಕೋಲಿನಿಂದ ತಡಕಿ ಹಳೆಯ ತೂತು ಹುಡುಕಬೇಕು, ಗಿಡ ಇಳಿಸಬೇಕು, ಬುಡಕ್ಕೆ ಹಿಮ ತುಳಿಯಬೇಕು. ಬೆಳಿಗ್ಗೆ ತೂತಿನಲ್ಲಿ ಬೆರಳುದ್ದ ನೀರಿತ್ತು. ಈಗ ಅದು ತುಂಬಿ ಹೊರಗೆ ಹರಿಯುತ್ತಿತ್ತು. ಕೆಳಗಿನಿಂದ ನೀರು ಮಂಜುಗಡ್ಡೆಯನ್ನು ಎತ್ತುತ್ತಿದೆ ಎಂದು ಪಾಠ ಮಾಡುವವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಎಲ್ಲೋ ದೂರ ಒಂದು ಬಿರುಕು ಓಡಿತು. ಅದರ ಸದ್ದು ಕಾಲಿನಿಂದ ಹಲ್ಲಿಗೆ ಬಂತು. ಉಚ್ಚೆ ಹೋದದ್ದು ತೊಡೆ ತಣ್ಣಗಾದ ಮೇಲೆ ಗೊತ್ತಾಯಿತು.

ಹದಿನೆಂಟು ನಿಲ್ಲಿಸಿದೆ. ಹತ್ತೊಂಬತ್ತರ ತೂತು ಸಿಗಲಿಲ್ಲ. ಮಂಡಿಯೂರಿ ತಡಕುತ್ತಿದ್ದಾಗ ಬಲಗಡೆ, ಕೆಳಗಿನ ದಿಕ್ಕಿನಿಂದ, ಕುದುರೆ ಮೂಗು ಸೀನಿದ ಸದ್ದು ಕೇಳಿತು. ಗಿಡದ ಸಾಲಿನಲ್ಲಿ ಬರುವವನು ಆ ಕಡೆ ಇರಬಾರದು.

"ಯಾರಲ್ಲಿ?" ಅಣ್ಣ ಕೂಗಿದ.

ಬಾಯಿ ತೆರೆದೆ, ಹಾಗೇ ಮುಚ್ಚಿದೆ. ನಮ್ಮಿಬ್ಬರ ನಡುವೆ ಇರುವುದೇ ಆ ಜಾಗ. ಓಗೊಟ್ಟರೆ ನನ್ನ ದನಿ ಹಿಡಿದು ನೇರ ಬರುತ್ತಾನೆ.

"ಯಾರದು? ಮಾತಾಡ್ರೋ!"

ಬಂಡಿ ಬಿಟ್ಟು ಓಡಿದೆ. ತೂತು ಹುಡುಕಲಿಲ್ಲ, ಹೆಜ್ಜೆ ಎಣಿಸಿದೆ. ನಲವತ್ತು, ಮತ್ತೆ ನಲವತ್ತು, ಮೇಲಕ್ಕೆ ಬಳಸಿ, ಆಮೇಲೆ ಆಚೆ ದಂಡೆಯ ಕಡೆಗೆ. ಒಂದು ಕಡೆ ಕಾಲು ಮೊಣಕಾಲವರೆಗೆ ಹೋಯಿತು, ಎಳೆದುಕೊಂಡೆ. ಅವನು ಕೂಗುತ್ತಲೇ ಇದ್ದ, ಪ್ರತಿ ಸಲವೂ ಇನ್ನೂ ಸ್ವಲ್ಪ ಕೆಳಗಿನಿಂದ. ನಡುವೆ ಒಂದು ಸಲ ಕೂಗು ನಿಂತಿತು. ಅಷ್ಟು ಹೊತ್ತು ಎಣಿಕೆಯೂ ತಪ್ಪಿತು. ಮತ್ತೆ ಕುದುರೆ ಸೀನಿತು, ಈಗ ನನ್ನ ಮುಂದುಗಡೆ, ಆಚೆ ದಂಡೆಗೆ ಹತ್ತಿರ. ನಮ್ಮ ನಡುವೆ ಈಗ ಗಟ್ಟಿ ಮಂಜುಗಡ್ಡೆ ಇದೆ ಎಂದು ಅಂದಾಜು ಮಾಡಿದೆ. ಅಂದಾಜು ಮಾತ್ರ.

"ಮಿಚಿಲಣ್ಣಾ! ನನ್ನ ಕಡೆ ಬಾ! ಮನೆ ಕಡೆ ಹೋಗ್ಬೇಡ!"

ಬಹಳ ಹೊತ್ತಿನ ಮೇಲೆ ಹೆಣ್ಣುಕುದುರೆಯ ಮುಖ ಕಂಡಿತು, ಅದರ ಹಿಂದೆ ಅಣ್ಣ. ಹುಲ್ಲಿನ ಬಂಡಿ ಇರಲಿಲ್ಲ, ಬಿಚ್ಚಿ ಬಿಟ್ಟಿದ್ದ.

"ಗಿಡ ಎಲ್ಲಿ ಹೋದ್ವೇ?" ಅಂದ.

"ನಾನೇ ಕಿತ್ತೆ."

"ಒಳ್ಳೆ ಮೇಷ್ಟ್ರಮ್ಮ ನೀನು. ಮಕ್ಕಳಿಗೂ ಹಿಂಗೇ ದಾರಿ ತೋರಿಸ್ತೀಯಾ?"

ತಮಾಷೆಗೆ ಅಂದದ್ದು. ಆದರೆ ಲಗಾಮು ಹಿಡಿದ ಅವನ ಬೆರಳು ಬಿಡಿಸಲು ಬರುತ್ತಿರಲಿಲ್ಲ. ನನ್ನ ಹೆಜ್ಜೆ ಗುರುತು ಹಿಡಿದು ವಾಪಸ್ ನಡೆದೆವು. ಗುರುತುಗಳಲ್ಲಿ ನೀರು ನಿಂತಿತ್ತು.

ದಂಡೆ ಹತ್ತಿದ ಮೇಲೆ ಅಮ್ಮ ಅವನ ಮುಖ ಮುಟ್ಟಿ ನೋಡಿ ಒಳಗೆ ಹೋದಳು. ಕೈಗವಸಿನ ಮಾತು ಯಾರೂ ಎತ್ತಲಿಲ್ಲ. ಹದಿನೆಂಟು ಗಿಡ ಇನ್ನೂ ನಿಂತಿವೆ, ಅವನ್ನು ಕೀಳದೆ ಬಿಡುವ ಹಾಗಿಲ್ಲ ಎಂದು ಅಪ್ಪ ಹೇಳಿದರು. ನಾನು ಇನ್ನು ಇಳಿಯುವುದಿಲ್ಲ ಅಂದೆ. ಅವರು ಅಣ್ಣನನ್ನು ನೋಡಿದರು. ಅಣ್ಣ ನೆಲ ನೋಡಿದ. ಆಮೇಲೆ ಅಪ್ಪ ಒತ್ತಾಯ ಮಾಡಲಿಲ್ಲ.

ಗಿಡ ಕೀಳದ ಮೇಲೆ ಕಾವಲು ಕೂರಬೇಕಾಯಿತು. ಎರಡು ದಿನ ದಾರಿಯ ಬಾಯಲ್ಲಿ ಅಣ್ಣ ಮತ್ತು ನಾನು ಸರದಿಯಂತೆ ಕೂತೆವು. ಮೀನಿನ ಬಲೆ ಬಿಟ್ಟು ಬಂದಿದ್ದೇನೆಂದು ಬಂದ ಒಬ್ಬನನ್ನು, ಗಿಡ ಕಾಣುತ್ತಿದೆಯಲ್ಲ ಎಂದು ಜಗಳಕ್ಕೆ ಬಂದ ಇಬ್ಬರನ್ನು ತಿರುಗಿಸಿ ಕಳಿಸಿದೆವು. ಮೂರನೆಯ ದಿನ ಬೆಳಿಗ್ಗೆ ಮಂಜುಗಡ್ಡೆ ಒಡೆದು ಅಜ್ಜಿ ಹೊರಟಳು. ಇಡೀ ಊರು ದಂಡೆಗೆ ಬಂತು. ಹದಿನೆಂಟು ಗಿಡ ನೆಟ್ಟಗೆ ನಿಂತೇ ಸಾಗಿದವು. ತಿರುವಿನಲ್ಲಿ ಗಡ್ಡೆ ಹೋಳಾಗಿ ಸಾಲು ಮುರಿಯಿತು.

ಗಿಡದೊಂದಿಗೆ ಮಂಜುಗಡ್ಡೆ ಹೋದದ್ದನ್ನು ನಮ್ಮೂರಲ್ಲಿ ಯಾರೂ ಕಂಡಿರಲಿಲ್ಲ. ಮುದುಕ ಗವ್ರಿಲ್ ನನ್ನ ಹತ್ತಿರ ಬಂದ.

"ನಿಮ್ಮಪ್ಪ ಒಂದು ವರ್ಷನೂ ಹಿಂಗೆ ಬಿಟ್ಟಿರಲಿಲ್ಲ. ಯಾಕಮ್ಮ ಕೀಳಲಿಲ್ಲ?"

ಏನಾದರೂ ಕಾರಣ ಹೇಳಬಹುದಿತ್ತು. ಸುತ್ತ ನನ್ನ ಶಾಲೆಯ ಮಕ್ಕಳೂ ಇದ್ದರು.

"ಹೆದರಿಕೆ ಆಯ್ತು ತಾತ," ಅಂದೆ.