ಬೆರಳಿಗೆ ಹೆದರುವ ಅಚ್ಚು

ನಾನು ಉಕ್ಕಿನ ಒಂದು ಅಚ್ಚು, ಮುಷ್ಟಿಯಲ್ಲಿ ಅಡಗುವಷ್ಟು ಚಿಕ್ಕದು. ಕರಗಿದ ಪ್ಲಾಸ್ಟಿಕ್ ನನ್ನ ಮುಖಕ್ಕೆ ಒತ್ತಿ ಆರಿದರೆ ರಕ್ತ ಪರೀಕ್ಷೆಯ ಯಂತ್ರಕ್ಕೊಂದು ಲೆನ್ಸ್ ಸಿಗುತ್ತದೆ. ನನಗೆ ಗೀರು ಬಿದ್ದರೆ ಆಮೇಲಿನ ಪ್ರತಿ ಲೆನ್ಸಿಗೂ ಅದೇ ಗೀರು.

ಹುಟ್ಟಿದ್ದು ಹುಬ್ಬಳ್ಳಿಯ ಸಣ್ಣ ಕಾರ್ಖಾನೆಯೊಂದರಲ್ಲಿ. ಕಡೆದರು, ಬೆಂಕಿಯಲ್ಲಿ ಕಾಯಿಸಿ ಗಟ್ಟಿ ಮಾಡಿದರು. ಆಗ ಹೆದರಲಿಲ್ಲ. ಹೆದರಿಕೆ ಶುರುವಾದದ್ದು ಇಮಾಮಸಾಬರು ವಜ್ರದ ಪುಡಿಯ ಪೇಸ್ಟಿನಿಂದ ತಿಕ್ಕಿ ನನ್ನನ್ನು ಕನ್ನಡಿ ಮಾಡಿದ ಮೇಲೆ. ಧೂಳು ಹಾರೀತೆಂದು ಅವರ ಕೋಣೆಯಲ್ಲಿ ಫ್ಯಾನಿಲ್ಲ. ಒರಟು ಪೇಸ್ಟಿನ ಬಟ್ಟೆ ನುಣುಪು ಪೇಸ್ಟಿನ ಬಟ್ಟೆಯ ಹತ್ತಿರವೂ ಸುಳಿಯುವಂತಿಲ್ಲ.

"ಏನ್ರಿ ಸಾಬರ, ಮದಲಿಂಗನ ಮಾರೀನೂ ಯಾರೂ ಹಿಂಗ ತಿಕ್ಕಂಗಿಲ್ಲ!" ಎಂದು ಪ್ಲಾಸ್ಟಿಕ್ ಒತ್ತುವ ಪ್ರೆಸ್ ನಡೆಸುವ ದ್ಯಾಮಣ್ಣ ಬಾಗಿಲಲ್ಲೇ ನಗುತ್ತಿದ್ದ.

"ದೂರ ನಿಂತು ನಗೋ ಮಾರಾಯಾ, ಉಗುಳು ಸಿಡೀತೈತಿ."

ದ್ಯಾಮಣ್ಣನ ಪ್ರೆಸ್ಸಿನಲ್ಲಿ ವರ್ಷಗಟ್ಟಲೆ ದುಡಿದೆ. ಮಂಕಾದಾಗಲೆಲ್ಲ ಸಾಬರ ಹತ್ತಿರ ಬರುತ್ತಿದ್ದೆ. ಆದರೆ ತಿಕ್ಕಿದಷ್ಟೂ ನಾನು ಸವೆಯುತ್ತೇನೆ, ಲೆನ್ಸಿಗೆ ಆಕಾರ ಕೊಡುವ ನನ್ನ ಮುಖದ ಬಾಗು ಬದಲಾಗುತ್ತದೆ. ಕಳೆದ ಸಲ ಅವರು ಮಾಲೀಕ ಚನ್ನವೀರಪ್ಪನವರಿಗೆ ಹೇಳಿಬಿಟ್ಟರು: "ಇನ್ನೊಮ್ಮೆ ತಿಕ್ಕಿದ್ರ ಇದರ ಬಾಗು ಕೆಡ್ತೈತ್ರಿ." ಅಂದಿನಿಂದ ತೇಲಿ ಬರುವ ಧೂಳಿನ ಕಣ ಕಂಡರೂ ಜೀವ ಹಿಡಿಯಾಗುತ್ತಿತ್ತು.

ಆಯುಧ ಪೂಜೆ ಬಂತು. ಯಂತ್ರಗಳನ್ನೆಲ್ಲ ತೊಳೆದು ನಿಲ್ಲಿಸಿದ್ದರು. ನನ್ನನ್ನು ಶುಚಿ ಮಾಡಿ ತಟ್ಟೆಯಲ್ಲಿಟ್ಟು, ಸಾಬರು ಕೋಣೆಯ ಬಾಗಿಲು ತೆರೆದೇ ಬಿಟ್ಟು ಹೊರಗೆ ಹೋದರು. ಮಾಲೀಕರ ತಾಯಿ ನೀಲವ್ವ ಒಂದೊಂದು ಯಂತ್ರಕ್ಕೂ ವಿಭೂತಿ ಹಚ್ಚುತ್ತ ಒಳಗೆ ಬಂದರು. ಬೂದಿ ಮೆತ್ತಿದ ಮೂರು ಬೆರಳು ನನ್ನತ್ತಲೇ ಇಳಿದವು. ಕೂಗಲು ನನಗೆ ಬಾಯಿಲ್ಲ.

"ನೀ ಒಬ್ಬಾವ ಯಾಕ ಉಳೀಬೇಕಪಾ," ಎನ್ನುತ್ತ ಮುಖದ ತುಂಬ ಎಳೆದರು.

ಸಾಬರು ಬಾಗಿಲಿಗೆ ಬಂದವರೇ ಕಿರುಚಿದರು: "ಅವ್ವಾರ, ಒರಸಬ್ಯಾಡ್ರಿ!" ಆ ಕೂಗಿಗೆ ಗಾಬರಿಯಾಗಿ ನೀಲವ್ವ ಸೆರಗಿನಿಂದ ಒರೆಸಿಯೇ ಬಿಟ್ಟರು.

ಗೀರು ಬಿತ್ತು. ಉಸಿರು ಬಿಗಿಹಿಡಿದು ಸಾಬರು ಮತ್ತೆ ತಿಕ್ಕಿದರು. ಗೀರು ಹೋಯಿತು, ಬಾಗೂ ಹೋಯಿತು. ಹೊಸ ಲೆನ್ಸಿನಲ್ಲಿ ನೇರ ಗೆರೆಗಳು ಸೊಟ್ಟಗೆ ಕಂಡವು. ಮಾಲೀಕರು ಆ ಲೆನ್ಸನ್ನು ಮೇಜಿನ ಮೇಲಿಟ್ಟು ಹೊರನಡೆದರು.

"ನನ್ನಿಂದ ಆತೇನಪಾ?" ನೀಲವ್ವ ಸಾಬರನ್ನು ಕೇಳಿದರು.

"ಕೈ ನಿಮ್ದು, ಖರೆ. ಬಾಗಿಲಾ ತೆರದಿಟ್ಟಾವ ನಾನು," ಎಂದರು ಸಾಬರು.

ಈಗ ಅವರ ಮೇಜಿನ ಮೂಲೆಯಲ್ಲಿದ್ದೇನೆ. ಮುಖದ ಮೇಲೆ ಧೂಳು ಕೂರುತ್ತದೆ, ಯಾರೂ ಊದುವುದಿಲ್ಲ. ಆದರೂ ಯಾರದಾದರೂ ಬೆರಳು ಹತ್ತಿರ ಬಂದರೆ, ಕಳೆದುಕೊಳ್ಳಲು ಇನ್ನೇನೂ ಉಳಿದಿಲ್ಲ ಎನ್ನುವುದು ನನಗೆ ಮರೆತೇ ಹೋಗುತ್ತದೆ.